ಇಲಿಗೆ ವಾಸಿಯಾಯಿತು, ಷೇರು ಯಾಕೆ ಏರಿತು?

1998ರ ಮೇ 3, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಕ್ಯಾನ್ಸರ್ ಔಷಧಿಯ ಬಗ್ಗೆ ಒಂದು ವರದಿ ಬಂತು. ಬೋಸ್ಟನ್ನಿನ ಡಾ. ಜೂಡಾ ಫೋಕ್‌ಮನ್ ಅವರ ಲ್ಯಾಬ್‌ನಲ್ಲಿ ಎರಡು ಪ್ರೋಟೀನ್‌ಗಳು ಇಲಿಗಳ ಗಡ್ಡೆಯನ್ನು ಕರಗಿಸಿದ್ದವು. ಗಡ್ಡೆ ಬೆಳೆಯಲು ರಕ್ತ ಬೇಕು, ರಕ್ತ ಬರಲು ಹೊಸ ರಕ್ತನಾಳ ಬೇಕು. ಆ ನಾಳ ಬೆಳೆಯದಂತೆ ತಡೆದರೆ ಗಡ್ಡೆಗೆ ಊಟವೇ ಸಿಗುವುದಿಲ್ಲ ಎನ್ನುವುದು ಫೋಕ್‌ಮನ್ ಅವರ ವಾದ. ಆ ಪ್ರೋಟೀನ್‌ಗಳ ಹಕ್ಕು ಎಂಟ್ರೆಮೆಡ್ ಎಂಬ ಸಣ್ಣ ಕಂಪನಿಯ ಕೈಯಲ್ಲಿತ್ತು. ಶುಕ್ರವಾರ ಸಂಜೆ ಅದರ ಷೇರು 12 ಡಾಲರ್. ಸೋಮವಾರ ಬೆಳಗ್ಗೆ ಪೇಟೆ ತೆರೆದಾಗ 85. ಸಂಜೆ ಮುಚ್ಚುವ ಹೊತ್ತಿಗೆ ಸುಮಾರು 52.

ತಮಾಷೆ ಏನೆಂದರೆ, ಆ ಸುದ್ದಿ ಹೊಸದೇ ಅಲ್ಲ. ಅದೇ ಸಂಶೋಧನೆ ಐದು ತಿಂಗಳ ಮೊದಲೇ, 1997ರ ನವೆಂಬರ್‌ನಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ನ್ಯೂಯಾರ್ಕ್ ಟೈಮ್ಸ್ ಕೂಡ ಆಗಲೇ ಒಳಪುಟದಲ್ಲಿ ಅದನ್ನು ಬರೆದಿತ್ತು. ಮೇ ತಿಂಗಳಲ್ಲಿ ಬದಲಾದದ್ದು ವಿಜ್ಞಾನವಲ್ಲ, ಪುಟದ ನಂಬರ್ ಮತ್ತು ಬರಹದ ಉತ್ಸಾಹ, ಅಷ್ಟೇ. ಕೊಲಂಬಿಯಾ ವಿಶ್ವವಿದ್ಯಾಲಯದ ಹ್ಯೂಬರ್‌ಮನ್ ಮತ್ತು ರೆಗೆವ್ ಎಂಬ ಇಬ್ಬರು 2001ರಲ್ಲಿ ಈ ಒಂದೇ ಘಟನೆಯ ಮೇಲೆ ಪ್ರಬಂಧ ಬರೆದರು. ಷೇರಿನ ಬೆಲೆಯಲ್ಲಿ ಎಲ್ಲ ಮಾಹಿತಿಯೂ ಆಗಲೇ ಸೇರಿರುತ್ತದೆ ಎನ್ನುವವರಿಗೆ ಇದು ಇಂದಿಗೂ ಗಂಟಲಿನ ಮುಳ್ಳು.

ಫೋಕ್‌ಮನ್ ಮಾತ್ರ ಹುಷಾರಾಗಿದ್ದರು. ಆ ವರದಿಯಲ್ಲೇ ಅವರ ಮಾತಿತ್ತು: ನಿಮಗೆ ಕ್ಯಾನ್ಸರ್ ಇದ್ದು, ನೀವು ಇಲಿಯಾಗಿದ್ದರೆ, ನಾವು ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಬಲ್ಲೆವು. ಸೋಮವಾರ ಬೆಳಗ್ಗೆ 85 ಡಾಲರ್ ಕೊಟ್ಟವರು ಆ ಸಾಲನ್ನು ಓದಿರಲಿಕ್ಕಿಲ್ಲ.

ಆರಂಭದ ಸಂಶೋಧನೆ ಎನ್ನುವ ಮಾತಿನೊಳಗೆ ಬೇರೆ ಬೇರೆ ಮೆಟ್ಟಿಲುಗಳಿವೆ. ಸುದ್ದಿ ಓದುವಾಗ ಮೊದಲು ಕೇಳಬೇಕಾದ್ದು ಇದೇ: ಔಷಧಿ ಕೆಲಸ ಮಾಡಿದ್ದು ಯಾರಲ್ಲಿ?

ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ದೊಡ್ಡ ಸಾಹಸವಲ್ಲ. ಕುದಿಯುವ ನೀರು ಸುರಿದರೂ ಅವು ಸಾಯುತ್ತವೆ. ಸುತ್ತಲಿನ ಒಳ್ಳೆಯ ಕೋಶಗಳನ್ನು ಉಳಿಸಿ ಕೆಟ್ಟದ್ದನ್ನು ಮಾತ್ರ ಕೊಲ್ಲುವುದೇ ಕಷ್ಟ. ಆಮೇಲೆ ಇಲಿ. ಇಲಿಗೆ ಮನುಷ್ಯನ ಕಾಯಿಲೆ ತಾನಾಗಿ ಬರುವುದು ಕಡಿಮೆ. ಅಲ್‌ಜೈಮರ್ಸ್ ಎಂಬ ಮರೆವಿನ ಕಾಯಿಲೆ ಇಲಿಗೆ ಬರುವುದೇ ಇಲ್ಲ. ಅದಕ್ಕೆ ಜೀನ್ ಬದಲಾಯಿಸಿ, ಕಾಯಿಲೆಯನ್ನು ಹೋಲುವ ಏನೋ ಒಂದನ್ನು ಬರಿಸುತ್ತಾರೆ. ಔಷಧಿ ವಾಸಿ ಮಾಡುವುದು ಆ ಹೋಲಿಕೆಯನ್ನು.

ಎಎಲ್‌ಎಸ್ ಎಂಬ ನರರೋಗದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2008ರಲ್ಲಿ ಅಮೆರಿಕದ ಒಂದು ಸಂಶೋಧನಾ ಸಂಸ್ಥೆ ತನ್ನ ಐದು ವರ್ಷದ ಕೆಲಸವನ್ನು ಪ್ರಕಟಿಸಿತು. 70ಕ್ಕೂ ಹೆಚ್ಚು ಔಷಧಿ, 18 ಸಾವಿರ ಇಲಿ. ಆ ಪಟ್ಟಿಯಲ್ಲಿ ಇಲಿಗಳ ಆಯಸ್ಸು ಹೆಚ್ಚಿಸುತ್ತದೆ ಎಂದು ಮೊದಲೇ ಹೆಸರು ಮಾಡಿದ್ದ ಔಷಧಿಗಳೂ ಇದ್ದವು. ಒಂದೂ ಕೆಲಸ ಮಾಡಲಿಲ್ಲ. ಮೊದಲಿನವರು ಸುಳ್ಳು ಹೇಳಿದ್ದರು ಅಂತಲ್ಲ. ಅವರು ತೆಗೆದುಕೊಂಡಿದ್ದ ಇಲಿಗಳೇ ಕಡಿಮೆ. ಕೆಲವು ಇಲಿಗಳು ಬೇರೆ ಕಾರಣಕ್ಕೆ ಸತ್ತಿದ್ದವು. ಕೆಲವಕ್ಕೆ ರೋಗದ ಜೀನ್ ಕಡಿಮೆ ಬಂದು, ಔಷಧಿ ಇಲ್ಲದೆಯೂ ಜಾಸ್ತಿ ದಿನ ಬದುಕುತ್ತಿದ್ದವು. ಹತ್ತು ಇಲಿಗಳ ಗುಂಪಿನಲ್ಲಿ ಅಂಥವು ಎರಡು ಸೇರಿಕೊಂಡರೆ ಸಾಕು, ಔಷಧಿ ಪವಾಡದ ಹಾಗೆ ಕಾಣುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಆಮ್‌ಜೆನ್ ಕಂಪನಿಯ ವಿಜ್ಞಾನಿಗಳು ಕ್ಯಾನ್ಸರ್ ಕ್ಷೇತ್ರದ 53 ಹೆಸರಾಂತ ಸಂಶೋಧನೆಗಳನ್ನು ತಮ್ಮ ಲ್ಯಾಬ್‌ನಲ್ಲಿ ಮತ್ತೆ ಮಾಡಿ ನೋಡಿದರು. ಅದೇ ಫಲಿತಾಂಶ ಬಂದದ್ದು 6ರಲ್ಲಿ ಮಾತ್ರ. ಇದು 2012ರಲ್ಲಿ ನೇಚರ್‌ನಲ್ಲೇ ಬಂತು. ಔಷಧಿ ಮಾಡಿ ದುಡ್ಡು ಗಳಿಸಬೇಕಾದ ಕಂಪನಿಯೇ ಪರೀಕ್ಷಿಸಿದ್ದು ಇದು. ಹಾಗಾಗಿ ಹೊಟ್ಟೆಕಿಚ್ಚಿನ ಮಾತು ಅನ್ನುವ ಹಾಗಿಲ್ಲ.

ಇಲಿ ದಾಟಿದ ಮೇಲೆ ಮನುಷ್ಯರ ಸರದಿ. ಅದಕ್ಕೆ ಫೇಸ್ ಎಂಬ ಮೂರು ಹಂತ. ಫೇಸ್ 1ರಲ್ಲಿ ಹತ್ತಾರು ಜನ. ಅಲ್ಲಿ ಕೇಳುವ ಮುಖ್ಯ ಪ್ರಶ್ನೆ ಸುರಕ್ಷತೆ: ಎಷ್ಟು ಡೋಸ್ ಕೊಟ್ಟರೆ ತಡೆದುಕೊಳ್ಳುತ್ತಾರೆ? ಕಾಯಿಲೆ ವಾಸಿಯಾಗುತ್ತದಾ ಎನ್ನುವ ಪ್ರಶ್ನೆ ಗಟ್ಟಿಯಾಗಿ ಏಳುವುದು ಫೇಸ್ 2ರಲ್ಲಿ, ನೂರಾರು ರೋಗಿಗಳ ಮೇಲೆ. ಫೇಸ್ 3ರಲ್ಲಿ ನೂರಾರರಿಂದ ಸಾವಿರಾರು ಜನ. ಈಗಿರುವ ಚಿಕಿತ್ಸೆ ಅಥವಾ ಪ್ಲಸಿಬೊ, ಅಂದರೆ ಔಷಧಿಯೇ ಇಲ್ಲದ ಉತ್ತುತ್ತು ಮಾತ್ರೆ, ಇದರ ಜೊತೆ ನೇರ ಹೋಲಿಕೆ. ಆಮೇಲೆ ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ ಅರ್ಜಿ.

ಅಮೆರಿಕದ ಬಯೋಟೆಕ್ ಉದ್ಯಮ ಸಂಘಟನೆ 2011ರಿಂದ 2020ರವರೆಗಿನ ಸಾವಿರಾರು ಪ್ರಯೋಗಗಳನ್ನು ಲೆಕ್ಕ ಹಾಕಿತ್ತು. ಅದನ್ನು ಹೀಗೆ ಇಟ್ಟುಕೊಳ್ಳಿ. ಫೇಸ್ 1ರ ಬಾಗಿಲಲ್ಲಿ 100 ಔಷಧಿಗಳು ನಿಂತಿವೆ. 52 ಔಷಧಿ ಫೇಸ್ 2ಕ್ಕೆ ಹೋಗುತ್ತವೆ. ಅಲ್ಲಿಂದ ಫೇಸ್ 3ಕ್ಕೆ ಹೋಗುವುದು 15. ಎಫ್‌ಡಿಎ ಬಾಗಿಲಿಗೆ 9. ಕೊನೆಗೆ ಒಪ್ಪಿಗೆ ಸಿಗುವುದು 8ಕ್ಕೆ, ಅದೂ ಪೂರ್ತಿ 8 ಅಲ್ಲ, 7.9. ಇದಕ್ಕೆ ಸರಾಸರಿ ಹತ್ತೂವರೆ ವರ್ಷ. ಕ್ಯಾನ್ಸರ್ ಔಷಧಿಗಳದ್ದು ಇನ್ನೂ ಕಷ್ಟ, 5ರ ಆಸುಪಾಸು. ಇಲಿಯ ಹಂತದಲ್ಲಿರುವ ಔಷಧಿ ಈ ಬಾಗಿಲಿಗೂ ಬಂದಿಲ್ಲ ಅನ್ನುವುದು ನೆನಪಿರಲಿ.

ಆ ಸಾಲಿನಲ್ಲಿ ದೊಡ್ಡ ಕುಸಿತ ಎಲ್ಲಿದೆ ನೋಡಿ. 52ರಿಂದ 15ಕ್ಕೆ. ಫೇಸ್ 2 ಬಯೋಟೆಕ್‌ನ ಸ್ಮಶಾನ. ಹಾಗಾಗಿ ಫೇಸ್ 1 ಯಶಸ್ವಿ ಎಂಬ ಶೀರ್ಷಿಕೆ ಕಂಡರೆ ಅದರರ್ಥ ಇಷ್ಟೇ: ತೆಗೆದುಕೊಂಡವರಿಗೆ ದೊಡ್ಡ ಅಪಾಯ ಆಗಲಿಲ್ಲ. ಸಕ್ಕರೆ ಮಾತ್ರೆ ಕೊಟ್ಟಿದ್ದರೂ ಆಗುತ್ತಿರಲಿಲ್ಲ.

ಹಾಗಾದರೆ ಒಪ್ಪಿಗೆ ಸಿಗುವ ಆ 8 ಔಷಧಿಗಳಲ್ಲಿ ಒಂದನ್ನು ಹಿಡಿದರೆ ಜಾಕ್‌ಪಾಟ್ ಅಲ್ವಾ? ಇಲ್ಲೇ ಬಹಳಷ್ಟು ಜನ ಎಡವುವುದು. ಔಷಧಿ ಕೆಲಸ ಮಾಡುತ್ತದಾ ಎನ್ನುವುದು ಒಂದು ಪ್ರಶ್ನೆ. ಷೇರು ಕೊಳ್ಳಬಹುದಾ ಎನ್ನುವುದು ಬೇರೆಯೇ ಪ್ರಶ್ನೆ. ಎರಡಕ್ಕೂ ನಡುವೆ ಬೆಲೆ ಕೂತಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದೇ ಔಷಧಿ ಇರುವ ಕಂಪನಿ. ಷೇರು ಈಗ 10 ಡಾಲರ್. ಫೇಸ್ 2 ಗೆದ್ದರೆ 30 ಆಗಬಹುದು, ಸೋತರೆ 2ಕ್ಕೆ ಬೀಳುತ್ತದೆ ಅಂದುಕೊಳ್ಳಿ. ಆ 2 ಡಾಲರ್, ಬ್ಯಾಂಕಿನಲ್ಲಿ ಉಳಿದಿರುವ ದುಡ್ಡಿಗೆ ಸಿಗುವ ಬೆಲೆ. ಸೋತರೆ ಕಳೆದುಕೊಳ್ಳುವುದು 8, ಗೆದ್ದರೆ ಬರುವುದು 20. 8ನ್ನು 28ರಿಂದ ಭಾಗಿಸಿದರೆ ಶೇ 28.6. ಅಂದರೆ ಗೆಲ್ಲುವ ಸಾಧ್ಯತೆ ಶೇ 28.6 ಇದ್ದರೆ 10 ಡಾಲರ್ ಸರಿಯಾದ ಬೆಲೆ. ಫೇಸ್ 2 ಗೆಲ್ಲುವ ಸರಾಸರಿ ಎಷ್ಟು ಗೊತ್ತಾ? ಶೇ 28.9. ಪೇಟೆ ದಡ್ಡರ ಸಂತೆಯಲ್ಲ.

ಈಗ ಒಂದು ಒಳ್ಳೆ ಸುದ್ದಿ ಬಂತು ಅನ್ನಿ. ಇಲಿಗಳಲ್ಲಿ ಹೊಸ ಫಲಿತಾಂಶ, ಒಂದು ಸಮ್ಮೇಳನದಲ್ಲಿ ಚಪ್ಪಾಳೆ. ಬೆಳಗ್ಗೆ ನೀವು ಫೋನ್ ನೋಡುವಷ್ಟರಲ್ಲಿ ಷೇರು 16. ಮತ್ತೆ ಲೆಕ್ಕ ಹಾಕಿ. ಸೋತರೆ ಹೋಗುವುದು 14, ಗೆದ್ದರೆ ಬರುವುದು 14. ಅಂದರೆ 16ಕ್ಕೆ ಕೊಳ್ಳುವವರು ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಎಂದು ನಂಬಬೇಕು. ಆ ಇಲಿ ಸುದ್ದಿ ಸಾಧ್ಯತೆಯನ್ನು 29ರಿಂದ 50ಕ್ಕೆ ಏರಿಸುವಷ್ಟು ದೊಡ್ಡದಾ? ಸುದ್ದಿ ಒಳ್ಳೆಯದಾ ಅಂತ ಕೇಳಿದರೆ ಹೌದು ಎಂಬ ಉತ್ತರ ಸುಲಭವಾಗಿ ಬರುತ್ತದೆ. ಹೀಗೆ ಕೇಳಿದಾಗ ಬರುವುದಿಲ್ಲ. 30 ಮತ್ತು 2 ಎನ್ನುವುದು ನಾವು ಹಾಕಿಕೊಂಡ ಅಂದಾಜು, ನಿಜ. ಆದರೂ ಅಂದಾಜು ಮಾಡದೆ ಕೊಳ್ಳುವುದಕ್ಕಿಂತ ವಾಸಿ.

ಸುದ್ದಿಯ ಮೂಲ ಸಾಮಾನ್ಯವಾಗಿ ಕಂಪನಿಯೇ ಹೊರಡಿಸಿದ ಪ್ರೆಸ್ ರಿಲೀಸ್. ಅದನ್ನು ಓದುವುದೂ ಒಂದು ಕಲೆ. ಎಫ್‌ಡಿಎ ಅನುಮತಿ ಸಿಕ್ಕಿತು ಎಂಬ ಸಾಲನ್ನೇ ನೋಡಿ. ಎಷ್ಟೋ ಸಲ ಅದು ಮನುಷ್ಯರ ಮೇಲೆ ಪ್ರಯೋಗ ಶುರು ಮಾಡಲು ಸಿಕ್ಕ ಅನುಮತಿ. ಅರ್ಜಿ ಹಾಕಿದ 30 ದಿನದೊಳಗೆ ಎಫ್‌ಡಿಎ ತಡೆಯದಿದ್ದರೆ ಕೆಲಸ ಶುರು ಮಾಡಬಹುದು, ಅಷ್ಟೇ. ಆರ್ಫನ್ ಡ್ರಗ್ ಮಾನ್ಯತೆ ಎಂದರೆ ಅಮೆರಿಕದಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಜನರಿಗಿರುವ ಕಾಯಿಲೆಗೆ ಔಷಧಿ ಮಾಡುತ್ತಿದ್ದಾರೆ ಎಂದು. ಔಷಧಿ ಕೆಲಸ ಮಾಡುತ್ತದೆ ಎಂದು ಎಫ್‌ಡಿಎ ಒಪ್ಪಿಕೊಂಡ ಹಾಗಲ್ಲ.

ಆಮೇಲೆ ಸಣ್ಣ ಸಂಖ್ಯೆಗಳ ಆಟ. 10 ರೋಗಿಗಳಲ್ಲಿ 3 ಜನರ ಗಡ್ಡೆ ಕುಗ್ಗಿತು ಅಂದರೆ ಶೇ 30 ಅಂತ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಸಂಖ್ಯಾಶಾಸ್ತ್ರದ ಪ್ರಕಾರ ಆ 3 ಜನರಿಂದ ಹೇಳಬಹುದಾದದ್ದು ಇಷ್ಟು: ನಿಜವಾದ ಪ್ರಮಾಣ ಶೇ 7ರಿಂದ ಶೇ 65ರ ನಡುವೆ ಎಲ್ಲಾದರೂ ಇರಬಹುದು. 7 ಆದರೆ ಔಷಧಿ ಕಸದ ಬುಟ್ಟಿಗೆ. 65 ಆದರೆ ಕ್ರಾಂತಿ.

ಇದಕ್ಕಿಂತ ನಾಜೂಕಾದ ಕೈಚಳಕ ಇನ್ನೊಂದಿದೆ. 2002ರ ಆಗಸ್ಟ್‌ನಲ್ಲಿ ಇಂಟರ್‌ಮ್ಯೂನ್ ಎಂಬ ಕಂಪನಿ, ಮಾರಕ ಶ್ವಾಸಕೋಶ ಕಾಯಿಲೆಯೊಂದರಲ್ಲಿ ತನ್ನ ಔಷಧಿ ಜೀವ ಉಳಿಸುತ್ತದೆ ಎಂದು ಪ್ರಕಟಣೆ ಕೊಟ್ಟಿತು. ಪ್ರಯೋಗದಲ್ಲಿ 330 ರೋಗಿಗಳಿದ್ದರು. ಮೊದಲೇ ಗೊತ್ತು ಮಾಡಿಕೊಂಡಿದ್ದ ಮುಖ್ಯ ಗುರಿಯನ್ನು ಔಷಧಿ ಮುಟ್ಟಿರಲಿಲ್ಲ. ಎಲ್ಲ ರೋಗಿಗಳ ಸಾವಿನ ಲೆಕ್ಕದಲ್ಲೂ ವ್ಯತ್ಯಾಸ ಸಾಕಷ್ಟು ಗಟ್ಟಿಯಾಗಿರಲಿಲ್ಲ. ಫಲಿತಾಂಶ ಬಂದ ಮೇಲೆ ಕಾಯಿಲೆ ಕಡಿಮೆ ಇದ್ದವರನ್ನು ಮಾತ್ರ ಬೇರೆ ಮಾಡಿ ನೋಡಿದರು. ಅವರಲ್ಲಿ ಸಾವು ಶೇ 70 ಕಡಿಮೆ ಕಂಡಿತು. ಶೀರ್ಷಿಕೆಗೆ ಬಂದದ್ದು ಅದು. ಅದನ್ನೇ ಪಕ್ಕಾ ಮಾಡಿಕೊಳ್ಳಲು 800ಕ್ಕೂ ಹೆಚ್ಚು ರೋಗಿಗಳ ದೊಡ್ಡ ಪ್ರಯೋಗ ನಡೆಸಿದರು. ಔಷಧಿಯಿಂದ ಏನೂ ಪ್ರಯೋಜನವಿಲ್ಲ ಎಂದು 2007ರಲ್ಲಿ ಅದನ್ನು ನಡುವಲ್ಲೇ ನಿಲ್ಲಿಸಬೇಕಾಯಿತು. ಆ ಪ್ರಕಟಣೆಯ ಕಾರಣಕ್ಕೆ ಕಂಪನಿಯ ಆಗಿನ ಮುಖ್ಯಸ್ಥರು 2009ರಲ್ಲಿ ವಂಚನೆ ಪ್ರಕರಣದಲ್ಲಿ ತಪ್ಪಿತಸ್ಥರೆಂದು ತೀರ್ಪು ಬಂತು. 2021ರಲ್ಲಿ ಅವರಿಗೆ ಅಮೆರಿಕ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು.

ಹೀಗೆ ಗುಂಪು ಒಡೆದು ನೋಡುವುದು ಯಾಕೆ ಅಪಾಯ ಎಂದು ತೋರಿಸಲು 1988ರ ಒಂದು ಪ್ರಯೋಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಹೃದಯಾಘಾತವಾದ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಎಂದು ಐಸಿಸ್-2 ಪ್ರಯೋಗ ಸ್ಪಷ್ಟವಾಗಿ ತೋರಿಸಿತ್ತು. ಗುಂಪುಗಳಾಗಿ ಒಡೆದು ತೋರಿಸಿ ಎಂದು ಅದನ್ನು ಪ್ರಕಟಿಸಬೇಕಿದ್ದ ವೈದ್ಯಕೀಯ ಪತ್ರಿಕೆಯವರು ಪಟ್ಟು ಹಿಡಿದರು. ಸಂಶೋಧಕರು ಸರಿ ಎಂದು ಒಪ್ಪಿ, ಜೊತೆಗೆ ರೋಗಿಗಳ ಜನ್ಮರಾಶಿಯ ಪ್ರಕಾರವೂ ಒಡೆದು ಕೊಟ್ಟರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ಸ್ವಲ್ಪ ಕೆಟ್ಟದ್ದೇ ಎಂದು ಲೆಕ್ಕ ಬಂತು. ಗುಂಪು ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಮಗೆ ಬೇಕಾದ ಉತ್ತರ ಸಿಕ್ಕೇ ಸಿಗುತ್ತದೆ. ಅಂದಿನಿಂದ ಯಾವ ಪ್ರಕಟಣೆಯಲ್ಲಿ ಉಪಗುಂಪು ಎಂಬ ಮಾತು ಕಂಡರೂ ನನಗೆ ತುಲಾ ರಾಶಿ ನೆನಪಾಗುತ್ತದೆ.

ಇದನ್ನು ಪತ್ತೆ ಮಾಡಲು ಡಾಕ್ಟರ್ ಆಗಬೇಕಿಲ್ಲ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ಅಮೆರಿಕ ಸರ್ಕಾರದ ತಾಣದಲ್ಲಿ ಪ್ರಯೋಗಗಳ ವಿವರ ಪುಕ್ಕಟೆ ಸಿಗುತ್ತದೆ. ಎಷ್ಟು ರೋಗಿಗಳು, ಹೋಲಿಕೆ ಯಾವುದರ ಜೊತೆ, ಮುಖ್ಯ ಗುರಿ ಏನು, ಎಲ್ಲ ಅಲ್ಲಿದೆ. ಆ ಪುಟವನ್ನು ಕಂಪನಿ ಯಾವಾಗ ಯಾವಾಗ ತಿದ್ದಿದೆ ಎಂಬ ಇತಿಹಾಸವೂ ಇದೆ. ಪ್ರಯೋಗ ಮುಗಿಯುವ ಹೊತ್ತಿಗೆ ಮುಖ್ಯ ಗುರಿ ಬದಲಾಗಿದ್ದರೆ ಅದಕ್ಕಿಂತ ದೊಡ್ಡ ಸುಳಿವು ಬೇಡ. ಪ್ರಕಟಣೆಯನ್ನೂ ಆ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಹತ್ತು ನಿಮಿಷದ ಕೆಲಸ.

ಇನ್ನು ದುಡ್ಡಿನ ವಿಷಯ. ಸಣ್ಣ ಬಯೋಟೆಕ್ ಕಂಪನಿಗೆ ಮಾರಾಟವೇ ಇರುವುದಿಲ್ಲ. ಬ್ಯಾಂಕಿನಲ್ಲಿರುವ ಗಂಟನ್ನು ಕರಗಿಸುತ್ತಲೇ ಬದುಕಬೇಕು. ಗಂಟು ಕರಗಿದರೆ ಹೊಸ ಷೇರು ಮಾರಬೇಕು. ಮಾರಲು ಒಳ್ಳೆಯ ಸಮಯ ಯಾವುದು? ಬೆಲೆ ಏರಿದಾಗ. ಬೆಲೆ ಏರುವುದು ಯಾವಾಗ? ಒಳ್ಳೆ ಸುದ್ದಿ ಬಂದಾಗ. ಗಾಳಿ ಬಂದಾಗ ತೂರಿಕೋ ಎನ್ನುವ ಮಾತಿಗೆ ಇವರಷ್ಟು ನಿಷ್ಠರು ಬೇರೆ ಸಿಗಲಿಕ್ಕಿಲ್ಲ.

2020ರ ಮೇ 18ರಂದು ಮೊಡೆರ್ನಾ ಕಂಪನಿ ತನ್ನ ಕೋವಿಡ್ ಲಸಿಕೆಯ ಫೇಸ್ 1 ಸುದ್ದಿ ಕೊಟ್ಟಿತು. ಪ್ರಯೋಗದಲ್ಲಿದ್ದವರು 45 ಜನ. ವೈರಸ್ಸನ್ನು ತಡೆಯುವ ಪ್ರತಿಕಾಯಗಳ ವಿವರ ಬಂದದ್ದು 8 ಜನರದ್ದು ಮಾತ್ರ. ಷೇರು ಶೇ 20 ಏರಿ 80 ಡಾಲರ್ ಆಯಿತು. ಅದೇ ಸಂಜೆ ಕಂಪನಿ 76 ಡಾಲರ್‌ನಂತೆ 1 ಕೋಟಿ 76 ಲಕ್ಷ ಹೊಸ ಷೇರು ಮಾರಲು ಹೊರಟಿತು. ಬರುವ ದುಡ್ಡು ಸುಮಾರು 134 ಕೋಟಿ ಡಾಲರ್. ಮರುದಿನ ಷೇರು ಶೇ 10ರಷ್ಟು ಇಳಿಯಿತು. ಆ ಲಸಿಕೆ ಕೊನೆಗೆ ಗೆದ್ದಿತು, ಡಿಸೆಂಬರ್‌ನಲ್ಲಿ ತುರ್ತು ಬಳಕೆಗೆ ಒಪ್ಪಿಗೆಯೂ ಸಿಕ್ಕಿತು. ಹಾಗಾಗಿ ಕಂಪನಿ ಮಾಡಿದ್ದು ಮೋಸ ಅಂತ ನಾನು ಹೇಳುವುದಿಲ್ಲ. ಎಂಟು ಜನರ ಸುದ್ದಿಗೆ ಓಡಿಬಂದವರಿಗೆ ಎದುರು ನಿಂತು ಮಾರುತ್ತಿದ್ದವರು ಯಾರು ಎಂಬುದನ್ನು ಗಮನಿಸಿ ಅಂದೆ.

ಚಿಕ್ಕ ಕಂಪನಿಗಳಲ್ಲಿ ಇದು ಇನ್ನೂ ಖಾರ. ಕಂಪನಿಯ ಬಳಿ 6 ಕೋಟಿ ಡಾಲರ್ ಇದೆ, ಮೂರು ತಿಂಗಳಿಗೆ ಒಂದೂವರೆ ಕೋಟಿ ಖರ್ಚು ಎಂದುಕೊಳ್ಳಿ. ಒಂದು ವರ್ಷಕ್ಕೆ ಗಂಟು ಖಾಲಿ. ಫೇಸ್ 2 ಫಲಿತಾಂಶ ಬರುವುದು ಒಂದೂವರೆ ವರ್ಷಕ್ಕೆ. ಅಂದಮೇಲೆ ಅದಕ್ಕೂ ಮೊದಲೇ ಹೊಸ ಷೇರು ಬರುವುದು ಖಂಡಿತ. 5 ಕೋಟಿ ಷೇರಿದ್ದದ್ದು ಏಳೂವರೆ ಕೋಟಿ ಆದರೆ, ನಿಮ್ಮ ಪಾಲಿನ ಮೂರನೇ ಒಂದು ಭಾಗ ಕರಗಿ ಹೋಗುತ್ತದೆ. ಔಷಧಿ ಗೆದ್ದರೂ ಆ ಪಾಲು ವಾಪಸ್ ಬರುವುದಿಲ್ಲ. ಕೈಯಲ್ಲಿರುವ ದುಡ್ಡು, ಖರ್ಚಿನ ವೇಗ ಎರಡೂ ಕಂಪನಿಯ ತ್ರೈಮಾಸಿಕ ವರದಿಯಲ್ಲಿರುತ್ತವೆ. ನಾನಂತೂ ವಿಜ್ಞಾನದ ಪುಟಕ್ಕಿಂತ ಮೊದಲು ಆ ಪುಟ ತೆಗೆಯುತ್ತೇನೆ.

ಎಂಟ್ರೆಮೆಡ್ ಏನಾಯಿತು? 1998ರ ನವೆಂಬರ್‌ನಲ್ಲಿ, ಬೇರೆ ಲ್ಯಾಬ್‌ಗಳಿಗೆ ಫೋಕ್‌ಮನ್ ಅವರ ಫಲಿತಾಂಶ ಮತ್ತೆ ಸಿಗುತ್ತಿಲ್ಲ ಎಂಬ ಸುದ್ದಿ ಬಂತು. ಷೇರು ಒಂದೇ ದಿನ ಕಾಲು ಭಾಗದಷ್ಟು ಕುಸಿದು 25 ಡಾಲರ್ ಹತ್ತಿರ ಬಂತು. ಆಗಲೂ ಅದು ಮೇ ತಿಂಗಳ ಮುಂಚಿನ ಬೆಲೆಯ ದುಪ್ಪಟ್ಟು! ಮನುಷ್ಯರ ಪ್ರಯೋಗದಲ್ಲಿ ಆ ಪ್ರೋಟೀನ್‌ಗಳು ಇಲಿಗಳಲ್ಲಿ ಮಾಡಿದ್ದನ್ನು ಮಾಡಲಿಲ್ಲ. ಆದರೆ ಫೋಕ್‌ಮನ್ ಅವರ ಮೂಲ ಯೋಚನೆ ಸರಿಯಾಗಿಯೇ ಇತ್ತು. ರಕ್ತನಾಳ ಬೆಳೆಯುವುದನ್ನು ತಡೆಯುವ ಅವಾಸ್ಟಿನ್ ಎಂಬ ಔಷಧಿಗೆ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕ್ಯಾನ್ಸರ್ ಔಷಧಿಗಳಲ್ಲಿ ಒಂದಾಯಿತು. ಮಾಡಿದ್ದು ಮಾತ್ರ ಜೆನೆನ್‌ಟೆಕ್ ಎಂಬ ಬೇರೆ ಕಂಪನಿ. ಎಂಟ್ರೆಮೆಡ್ 2014ರಲ್ಲಿ ಹೆಸರನ್ನೇ ಬದಲಾಯಿಸಿಕೊಂಡಿತು. ವಿಜ್ಞಾನದ ಬಗ್ಗೆ ಸರಿಯಾಗಿ ಊಹಿಸಿ ಷೇರಿನಲ್ಲಿ ಸೋಲುವುದು ಹೀಗೆ.

ಇಷ್ಟಾದರೂ ಕೊಂಡೇ ಕೊಳ್ಳುತ್ತೇನೆ ಅನ್ನುವವರು ಸ್ಟಾಪ್ ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಿಬಿಡು ಎಂಬ ಆದೇಶ, ಅದನ್ನು ನಂಬಿಕೊಂಡು ಇಳಿಯಬೇಡಿ. ಆಕ್ಸೊವಂಟ್ ಕಂಪನಿಯನ್ನು ನೋಡಿ. 2014ರ ಕೊನೆಯಲ್ಲಿ ಜಿಎಸ್‌ಕೆ ಕಂಪನಿಯಿಂದ ಒಂದು ಅಲ್‌ಜೈಮರ್ಸ್ ಔಷಧಿಯನ್ನು 50 ಲಕ್ಷ ಡಾಲರ್ ಮುಂಗಡಕ್ಕೆ ಕೊಂಡಿತು. ಮುಂದಿನ ಜೂನ್‌ನಲ್ಲಿ ಅದೇ ಔಷಧಿಯನ್ನು ತೋರಿಸಿ ಷೇರುಪೇಟೆಯಿಂದ 31 ಕೋಟಿಗೂ ಹೆಚ್ಚು ಡಾಲರ್ ಎತ್ತಿತು. ಅಷ್ಟು ದೊಡ್ಡ ಔಷಧಿ ಕಂಪನಿ ಇಷ್ಟು ಅಗ್ಗಕ್ಕೆ ಯಾಕೆ ಬಿಟ್ಟುಕೊಟ್ಟಿತು ಎಂದು ಕೇಳಿದವರು ಆಗಲೂ ಇದ್ದರು. 2017ರ ಸೆಪ್ಟೆಂಬರ್‌ನಲ್ಲಿ ಪ್ರಯೋಗ ಸೋತಿತು. ಫಲಿತಾಂಶ ಹೊರಬಿದ್ದದ್ದು ಬೆಳಗ್ಗೆ, ಪೇಟೆ ತೆರೆಯುವ ಮುಂಚೆ. ತೆರೆದಾಗ ಷೇರಿನ ಸುಮಾರು ಮುಕ್ಕಾಲು ಪಾಲು ಬೆಲೆ ಆಗಲೇ ಹೋಗಿತ್ತು. ಹಿಂದಿನ ದಿನ 24 ಡಾಲರ್ ಇದ್ದ ಷೇರಿಗೆ 20ಕ್ಕೆ ಸ್ಟಾಪ್ ಲಾಸ್ ಹಾಕಿ ನೆಮ್ಮದಿಯಾಗಿ ಮಲಗಿದವರದ್ದು 20ಕ್ಕೆ ಮಾರಾಟವಾಗಲಿಲ್ಲ, ಏಳರ ಆಸುಪಾಸಿನಲ್ಲಿ ಸಿಕ್ಕಷ್ಟಕ್ಕೆ ಹೋಯಿತು. ನಡುವಿನ ಬೆಲೆಗಳು ಪರದೆಯ ಮೇಲೆ ಬರಲೇ ಇಲ್ಲ. ಇಂಥ ಷೇರಿನಲ್ಲಿ ನಷ್ಟಕ್ಕೆ ಮಿತಿ ಹಾಕುವುದು ಕೊಳ್ಳುವ ದಿನ ಮಾತ್ರ, ಎಷ್ಟು ದುಡ್ಡು ಹಾಕಬೇಕು ಎಂದು ಗೊತ್ತು ಮಾಡುವಾಗ. ಒಂದು ಕಂಪನಿಗೆ ಹಾಕಿದ ಅಷ್ಟೂ ದುಡ್ಡು ಮಾರನೇ ಬೆಳಗ್ಗೆ ಕಾಲು ಭಾಗವಾದರೂ ನಿದ್ದೆ ಕೆಡಬಾರದು, ಅಷ್ಟೇ ಹಾಕಿ.